ಮಷೀನು ನಿಂತರೆ

ನನ್ನ ಮಗ ದರ್ಜಿ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಅವನು ಕುಡಿತ ಕಲಿತ ಮೇಲೆ ಮನೆಯವರೆಲ್ಲ ಒಂದೊಂದು ವಿದ್ಯೆ ಕಲಿತೆವು. ಸೊಸೆಯ ಮೂಗು ಚುರುಕಾಯಿತು. ಸಂಜೆಯಾದರೆ ಹಲ್ಲಿನ ಡಾಕ್ಟರ ಹಾಗೆ ಗಂಡನ ಎದುರು ನಿಂತು, "ಎಲ್ಲಿ, ಹಾ ಅನ್ರಿ" ಎನ್ನುತ್ತಿದ್ದಳು. ಮೊಮ್ಮಗಳು ಚಿಂದಿ ಬಟ್ಟೆಯ ಮೂಟೆಯಿಂದ ಬಾಟಲಿ ಎಳೆಯುವುದರಲ್ಲಿ ಪಳಗಿದಳು. ನನ್ನ ಪಾಲಿಗೆ ಬಂದದ್ದು ಕಿವಿ. ಹೊಲಿಗೆ ಮಷೀನು ಒಂದೇ ಸಮ ಓಡಿದರೆ ಮಗ ನೆಟ್ಟಗಿದ್ದಾನೆ. ಎದ್ದೂ ಬಿದ್ದೂ ಓಡಿದರೆ ಏರಿಸಿದ್ದಾನೆ. ನಿಂತೇಬಿಟ್ಟರೆ ಬೀದಿ ಕೊನೆಯ ಬ್ರಾಂದಿ ಅಂಗಡಿಗೆ ಹೋಗಿದ್ದಾನೆ.

ಕೊನೆಗೊಮ್ಮೆ ಆಸ್ಪತ್ರೆ ಸೇರಿ ಕುಡಿತ ಬಿಟ್ಟು ಬಂದ. ಅವನು ಬಿಟ್ಟ, ನಾವು ನಮ್ಮ ವಿದ್ಯೆ ಬಿಡಲಿಲ್ಲ.

ಅಷ್ಟರಲ್ಲಿ ಮೊಮ್ಮಗಳಿಗೆ ಕೆಲಸ ಸಿಕ್ಕಿತು. ಕಪ್ಪು ಕೋಟು ಬೇಕಿತ್ತು. ಅಪ್ಪನ ಕೈ ಇನ್ನೂ ಸಣ್ಣಗೆ ನಡುಗುತ್ತಿತ್ತು, ಕೇಳಿ ನೋಯಿಸುವುದೇಕೆ ಎಂದು ಪಕ್ಕದ ಬೀದಿಯ ದರ್ಜಿಯಿಂದ ಗುಟ್ಟಾಗಿ ಹೊಲಿಸಿ ತಂದು ಬೀರುವಿನ ತಳದಲ್ಲಿಟ್ಟಳು. ಬಾಟಲಿ ಅಡಗಿಸಿ ನುರಿತವನಿಗೆ ಕೋಟು ಸಿಗದೆ ಇರುತ್ತದೆಯೇ?

ಮರುದಿನ ಊಟಕ್ಕೆ ಮುಂಚೆ ಮಷೀನು ನಿಂತಿತು. ಸೊಸೆ ಅಂಗಡಿಗೆ ಇಣುಕಿ ಬಂದಳು. "ಅತ್ತೆ, ಅಲ್ಲಿಲ್ಲ!"

ಮೊಮ್ಮಗಳು ಬೀರು ತೆರೆದವಳೇ ಬಿಳಿಚಿಕೊಂಡಳು. "ಅಜ್ಜಿ, ಕೋಟೂ ಇಲ್ಲ. ಅಪ್ಪ ನೋಡ್ಬಿಟ್ಟಿದಾರೆ. ಮತ್ತೆ ಶುರು ಆದ್ರೆ ಅದು ನನ್ನಿಂದ್ಲೇ."

ಮೂವರೂ ಓಡಿದೆವು. ಸೊಸೆಯ ಕೈಯಲ್ಲಿ ಸೌಟು. ನನ್ನ ಒಂದು ಕಾಲಲ್ಲಿ ನನ್ನ ಚಪ್ಪಲಿ, ಇನ್ನೊಂದರಲ್ಲಿ ಮಗನದು. ಚಪ್ಪಲಿ ಬಾಗಿಲಲ್ಲೇ ಇದ್ದರೆ ಅವನು ಹೋದದ್ದಾದರೂ ಎಲ್ಲಿಗೆ ಎಂದು ಯಾರಿಗೂ ಹೊಳೆಯಲಿಲ್ಲ.

"ಏನಮ್ಮಾ, ಮನೆಮಂದಿಯೆಲ್ಲ ಬಂದ್ಬಿಟ್ರಿ!" ಎಂದ ಬ್ರಾಂದಿ ಅಂಗಡಿಯವನು.

"ನನ್ನ ಮಗ ಎಲ್ಲಪ್ಪ?"

"ಅವ್ರು ಈ ಕಡೆ ತಲೆ ಹಾಕಿ ಎಷ್ಟೋ ಕಾಲ ಆಯ್ತು. ಅವ್ರು ಬಿಟ್ರು ಅಂತ ನೀವು ಶುರು ಮಾಡಿದ್ರಾ?"

ಒಳಗಿದ್ದ ಒಬ್ಬ ಸರಿದು ಬೆಂಚಿನ ಮೇಲೆ ನನಗೆ ಜಾಗವನ್ನೂ ಮಾಡಿಕೊಟ್ಟ.

ಮನೆಗೆ ಬಂದರೆ ಮಗ ಬಾಗಿಲಲ್ಲಿ ನಿಂತಿದ್ದಾನೆ. ತೋಳು ಕಳಚಿದ ಕೋಟು ಹೆಗಲ ಮೇಲೆ, ಕೈಯಲ್ಲಿ ಬ್ಲೇಡು. ಕಪ್ಪು ಬಟ್ಟೆಯಿಂದ ಕಪ್ಪು ದಾರ ಬಿಚ್ಚಲು ಬಿಸಿಲು ಬೇಕೆಂದು ಮಹಡಿ ಹತ್ತಿದ್ದನಂತೆ. ಹೊಲಿಗೆ ಬಿಚ್ಚುವುದಕ್ಕೆ ಸದ್ದೆಲ್ಲಿದೆ?

"ಎಲ್ಲಿಗೆ ಹೋಗಿದ್ರಿ?"

ಅವನು ಸೌಟು ನೋಡಿದ, ನನ್ನ ಕಾಲು ನೋಡಿದ, ಬೀದಿಯ ಕೊನೆ ನೋಡಿದ. ಮುಖ ಇಳಿಯಿತು. ಆಮೇಲೆ ಹೆಂಡತಿಯ ಎದುರು ಬಂದು ನಿಂತು, "ಎಲ್ಲಿ, ಹಾ ಅನ್ನು" ಎಂದ.

ಅವಳು ಅಂದೇಬಿಟ್ಟಳು.

"ಅಪ್ಪ, ಕೋಟು..."

"ಈ ಭುಜ ನೋಡು, ಎಲ್ಲೋ ಹೋಗಿ ಕೂತಿದೆ. ಕುಡಿದಾಗ್ಲೂ ನಾನು ಹೀಗೆ ಹೊಲಿದಿಲ್ಲ."

"ಹೊಲಿದಿದೀರಿ," ಎಂದಳು ಸೊಸೆ.

"ಸರಿ, ಹೊಲಿದಿದೀನಿ. ನಿಂತ್ಕೋಮ್ಮ, ಅಳತೆ ಕೊಡು."

ಟೇಪು ಹಿಡಿದ ಕೈ ನಡುಗಿತು. ಮಗಳು ಇನ್ನೊಂದು ತುದಿ ಹಿಡಿದುಕೊಂಡಳು.

ಈಗ ಅದೇ ಕೋಟು ತೊಟ್ಟು ಕೆಲಸಕ್ಕೆ ಹೋಗುತ್ತಾಳೆ. ಎಡತೋಳು ಕೂದಲೆಳೆಯಷ್ಟು ಗಿಡ್ಡ. ಅವನಿಗೂ ನನಗೂ ಮಾತ್ರ ಕಾಣುತ್ತದೆ. ಮಷೀನು ನಿಂತಾಗಲೆಲ್ಲ ಅಂಗಡಿಯಿಂದ ಕೂಗುತ್ತಾನೆ: "ಬಾಬಿನ್‌ಗೆ ದಾರ ಸುತ್ತುತಿದೀನಿ!" "ಸೂಜಿ ಮುರೀತು!" ನಿನ್ನೆ ಕೂಗಲು ಮರೆತ. ಸೊಸೆ ಸೌಟು ಹಿಡಿದು ಎದ್ದಳು, ಬಾಗಿಲವರೆಗೆ ಹೋಗಿ ಅಲ್ಲೇ ಇದ್ದ ಅವನ ಚಪ್ಪಲಿ ನೋಡಿದಳು, ಬಂದು ಸುಮ್ಮನೆ ಕೂತಳು.