ಕಪಿಲೆಗೆ ಎಸೆದ ಸೀರೆ

ಅಮ್ಮನ ಸೀರೆಯನ್ನು ಕಪಿಲೆಗೆ ಎಸೆದದ್ದು ನಾನೇ. ಅದೂ ಬೇಡ ಬೇಡ ಅಂದವರ ಎದುರಿಗೇ, ಹಟಕ್ಕೆ ಬಿದ್ದು.

ನಾವು ಚಳ್ಳಕೆರೆ ಕಡೆಯವರು. ಟ್ರಾನ್ಸ್‌ಫರ್ ಆಗಿ ಮೈಸೂರಿಗೆ ಬಂದ ಮೇಲೆ ಇದು ಮೊದಲ ಬೇಸಿಗೆ. ಬೇಸಿಗೆಯಲ್ಲೂ ಹೊಳೆಯಲ್ಲಿ ನೀರಿರುತ್ತದೆ ಅನ್ನುವುದೇ ನಮಗೆ ದೊಡ್ಡ ಸಂಗತಿ.

ಭಾನುವಾರ ಬಂತೆಂದರೆ ಕಾರಿಗೆ ಚಾಪೆ, ಚಿತ್ರಾನ್ನದ ಡಬ್ಬಿ, ಮಕ್ಕಳ ಟ್ಯೂಬು ತುಂಬಿಕೊಂಡು ಹೊರಟುಬಿಡುತ್ತಿದ್ದೆವು. ಒಂದು ವಾರ ಬನ್ನೂರು ಕಡೆಯ ನಾಲೆ, ಇನ್ನೊಂದು ವಾರ ಸೋಮನಾಥಪುರ ನೋಡಿಕೊಂಡು ಕಾವೇರಿ ದಂಡೆ.

ಆ ಭಾನುವಾರ ಬೆಳಿಗ್ಗೆ ನಂಜನಗೂಡಿನ ಕಪಿಲಾ ಹೊಳೆಯಲ್ಲಿ ಸ್ನಾನ, ಮಧ್ಯಾಹ್ನ ಟಿ. ನರಸೀಪುರದ ಸಂಗಮದಲ್ಲಿ ಊಟ ಅಂತ ಪ್ಲಾನ್.

ಅಮ್ಮ ಚಳಿಗಾಲದಲ್ಲಿ ಸರ್ಪಸುತ್ತು ಎದ್ದು ಎರಡು ತಿಂಗಳು ನರಳಿದ್ದಳು. ನಂಜನಗೂಡಿನಲ್ಲಿ ಮಿಂದು, ಉಟ್ಟ ಸೀರೆಯನ್ನು ಹೊಳೆಯಲ್ಲೇ ಬಿಟ್ಟು ಬಂದರೆ ಕಾಯಿಲೆ ಅದರ ಜೊತೆಗೇ ಹೋಗುತ್ತದೆ ಅಂತ ಪಕ್ಕದ ಮನೆಯವರು ಹೇಳಿದ್ದರು. ತುಂಬಾ ಜನ ಹಾಗೇ ಮಾಡುತ್ತಾರಂತೆ.

ನಾವು ಹೋದಾಗ ಹೊಳೆಯ ಮೆಟ್ಟಿಲ ಮೇಲೆ ಒಬ್ಬರು ಕೂತಿದ್ದರು. ಐವತ್ತರ ಆಸುಪಾಸು. ಕೈಯಲ್ಲಿ ತುದಿಗೆ ಕೊಕ್ಕೆ ಕಟ್ಟಿದ ಬಿದಿರು ಗಳ. ಜನ ಬಿಟ್ಟುಹೋದ ಬಟ್ಟೆಗಳನ್ನು ನೀರಿನಿಂದ ಎಳೆದು ಪಕ್ಕದಲ್ಲಿ ರಾಶಿ ಹಾಕುತ್ತಿದ್ದರು.

ಅಮ್ಮ ಮಿಂದು ಬೇರೆ ಸೀರೆ ಉಟ್ಟು, ಒದ್ದೆ ಸೀರೆಯನ್ನು ನನ್ನ ಕೈಗೆ ಕೊಟ್ಟಳು. ತಕ್ಷಣ ಅವರು ಎದ್ದು ಬಂದರು.

"ನೀರ್ಗಾಕ್ಬ್ಯಾಡಿ ಸಾ. ಮೆಟ್ಲ್ ಮ್ಯಾಲೇ ಇಟ್ಬುಡಿ, ನಾನೇ ತಗೋತೀನಿ. ಅಲ್ಲಿ ಐಕ್ಳು ಈಜ್ತಾ ಅವೆ, ಕಾಲ್ಗೆ ಸುತ್ಕೊಂಡ್ಬುಡ್ತದೆ."

ನನಗೆ ಮೈ ಉರಿಯಿತು. ಸೀರೆ ಇನ್ನೂ ಚೆನ್ನಾಗಿತ್ತು, ಹಸಿರು ಅಂಚಿನದು. ಮಾರಿಕೊಳ್ಳುವುದಕ್ಕೆ ಹೊಸ ನಾಟಕ ಅಂದುಕೊಂಡೆ. ಈಗ ಅವರು, ಇವರು ಅಂತ ಮರ್ಯಾದೆಯಿಂದ ಬರೆಯುತ್ತಿದ್ದೇನೆ. ಆವತ್ತು ಬಾಯಿಗೆ ಬಂದದ್ದೆಲ್ಲ ಏಕವಚನ.

"ನಿನ್ ಕೆಲಸ ನೋಡ್ಕೋ ಹೋಗು" ಅಂದೆ. ಸೀರೆಯನ್ನು ಉಂಡೆ ಮಾಡಿ, ಅವರ ಗಳ ಎಟುಕದಷ್ಟು ದೂರಕ್ಕೆ ಬೀಸಿ ಎಸೆದೆ. ಅವರಿಗೆ ಸಿಗಬಾರದು, ಅಷ್ಟೇ ನನ್ನ ತಲೆಯಲ್ಲಿದ್ದದ್ದು.

ಹರಿಯುವ ನೀರು ಏನು ಹಾಕಿದರೂ ಒಯ್ದುಬಿಡುತ್ತದೆ ಅಂತ ನಂಬಿದ್ದೆ. ಹೊಳೆ ಕಾಣದೆ ಬೆಳೆದವನ ತಿಳಿವಳಿಕೆ... ಬೇಸಿಗೆಯ ನೀರಿಗೆ ಅಷ್ಟು ಸೆಳೆತವೇ ಇರಲಿಲ್ಲ. ಸೀರೆ ಅಲ್ಲೇ ಬಿಚ್ಚಿಕೊಂಡು ನಿಧಾನಕ್ಕೆ ಮುಳುಗಿತು.

ಅವರು ಈಜುತ್ತಿದ್ದ ಮಕ್ಕಳ ಕಡೆ ಒಮ್ಮೆ ನೋಡಿ, ಗಳ ಹಿಡಿದುಕೊಂಡೇ ನೀರಿಗಿಳಿದರು.

ನಾನು ಮಗನ ತಲೆ ಒರೆಸುತ್ತಿದ್ದೇನೆ. ಹಿಂದೆ ಕೂಗಾಟ. ತಿರುಗಿ ನೋಡಿದರೆ ಗಳ ಒಂದೇ ತೇಲುತ್ತಿದೆ, ಮನುಷ್ಯ ಕಾಣುತ್ತಿಲ್ಲ.

ಸ್ನಾನಕ್ಕೆ ಬಂದಿದ್ದ ಇಬ್ಬರು ನೀರಿಗೆ ಹಾರಿ ಅವರನ್ನು ಎಳೆದು ತಂದರು. ಜೀವಕ್ಕೆ ಏನೂ ಆಗಿರಲಿಲ್ಲ. ಆದರೆ ನೀರಿನೊಳಗಿನ ಕಲ್ಲಿಗೆ ಮಂಡಿ ಬಡಿದು, ಕಾಲು ನೆಟ್ಟಗೆ ಮಾಡಲಾಗುತ್ತಿರಲಿಲ್ಲ. ಎರಡೂ ಕಾಲಿಗೆ ಹಸಿರು ಅಂಚಿನ ಸೀರೆ ಸುತ್ತಿಕೊಂಡಿತ್ತು.

"ಯಾವನ್ಲಾ ಇದ್ನ ಎಸ್ದೋನು?" ಅಂತ ಯಾರೋ ರೇಗಿದರು.

ನಾನು ಬಾಯಿ ಬಿಡಲಿಲ್ಲ. ಮಂಡಿ ಹಿಡಿದು ಕೂತಿದ್ದ ಅವರು ನನ್ನನ್ನೇ ನೋಡಿದರು... ಆದರೆ ಬೆರಳು ಮಾಡಿ ತೋರಿಸಲಿಲ್ಲ. ಆಟೋ ಬಂತು, ಆಸ್ಪತ್ರೆಗೆ ಕರೆದುಕೊಂಡು ಹೋದರು.

ನಾನೇನು ಮಾಡಿದೆ ಗೊತ್ತಾ? ಮನೆಯವರನ್ನೆಲ್ಲ ಕಾರಿಗೆ ಹತ್ತಿಸಿಕೊಂಡು, ಪ್ಲಾನ್ ಪ್ರಕಾರ ಟಿ. ನರಸೀಪುರಕ್ಕೆ ಹೊರಟೆ.

ಸಂಗಮದ ಹತ್ತಿರ ಕಾರು ನಿಂತಾಗ ಅಮ್ಮ ಒಂದೇ ಮಾತು ಅಂದಳು. "ನನ್ ಕಾಯಿಲೇನ ಆ ಮನುಷ್ಯನ ಕಾಲಿಗೆ ಕಟ್ಟಿ ಬಂದ್ಯಲ್ಲೋ."

ಅವಳು ಕಾರಿನಿಂದ ಇಳಿಯಲಿಲ್ಲ, ಊಟವನ್ನೂ ಮಾಡಲಿಲ್ಲ. ನಾನು ಮಕ್ಕಳನ್ನು ತೆಪ್ಪದಲ್ಲಿ ಕೂರಿಸಿ ಫೋಟೋ ತೆಗೆದೆ. ನೀವೆಲ್ಲ ಲೈಕ್ ಒತ್ತಿದಿರಲ್ಲ, ಸಂಗಮದ ಫೋಟೋಗಳು, ಅವು ಆ ದಿನದವೇ.

ಎರಡು ವಾರ ತಡೆದುಕೊಂಡೆ. ಕಳೆದ ಭಾನುವಾರ ಅಮ್ಮನೇ ಮುಂದೆ ನಿಂತು ನೂಕಿದಳು. ಒಬ್ಬನೇ ನಂಜನಗೂಡಿಗೆ ಹೋದೆ.

ಮೆಟ್ಟಿಲ ಮೇಲೆ ಅದೇ ಗಳ ಹಿಡಿದು ಒಬ್ಬ ಹೆಂಗಸು ನಿಂತಿದ್ದರು. ಆ ಮನುಷ್ಯನ ಹೆಂಡತಿ ಅಂತ ಆಮೇಲೆ ಗೊತ್ತಾಯಿತು. ಈಜು ಬಾರದು ಅಂತ ಕಾಣುತ್ತದೆ, ಮೊಣಕಾಲಷ್ಟು ನೀರಿನಿಂದ ಮುಂದಕ್ಕೆ ಹೋಗುತ್ತಿರಲಿಲ್ಲ. ಇಲ್ಲಿರುತ್ತಿದ್ದರಲ್ಲ, ಅವರು ಹೇಗಿದ್ದಾರೆ ಅಂತ ಕೇಳಿದೆ.

"ಮಂಡಿ ಚಿಪ್ಪು ಒಡ್ದೋಗದೆ ಸಾ. ಮನೇಲವ್ರೆ. ಇನ್ ನೀರ್ಗಿಳಿಯಂಗಿಲ್ಲ ಅಂದವ್ರೆ ಡಾಕ್ಟ್ರು. ನಿಮ್ಗೆ ಗೊತ್ತಿರೋರಾ?"

ನಾನೇ ಎಸೆದವನು ಅಂತ ಹೇಳುವುದಕ್ಕೇ ಅಷ್ಟು ದೂರ ಹೋಗಿದ್ದವನು... "ಇಲ್ಲಮ್ಮ, ಸುಮ್ನೆ ಕೇಳ್ದೆ" ಅಂದುಬಿಟ್ಟೆ.

"ಕೇಳಕಾದ್ರೂ ಬಂದ್ರಲ್ಲ ಸಾ, ನೀವ್ ತಣ್ಗಿರಿ. ಎಸ್ದೋರು ಈ ಕಡೆ ತಲೆ ಆಕಿಲ್ಲ."

ತಣ್ಣಗಿರಿ ಅಂತ ಹರಸಿಸಿಕೊಂಡು ವಾಪಸ್ ಬಂದೆ. ನನ್ನ ಮೇಲೆ ನನಗೇ ಇಷ್ಟು ಅಸಹ್ಯ ಯಾವತ್ತೂ ಆಗಿರಲಿಲ್ಲ.

ಹೇಳಿದ್ಯಾ ಅಂತ ಅಮ್ಮ ಕೇಳಿದಳು. ಅವಳಿಗೂ ಸುಳ್ಳು ಹೇಳಿದೆ.

ನಾಳೆ ಮತ್ತೆ ಭಾನುವಾರ. ಈ ಸಲ ವಿಳಾಸ ವಿಚಾರಿಸಿಕೊಂಡು ಅವರ ಮನೆಗೇ ಹೋಗಬೇಕು ಅಂದುಕೊಂಡಿದ್ದೇನೆ. ಬಾಗಿಲು ತೆಗೆಯುವುದು ನನ್ನನ್ನು ಹರಸಿದ ಆ ಹೆಂಗಸೇ... ನೀವಾಗಿದ್ದರೆ ಮೊದಲ ಮಾತು ಏನಂತ ಆಡುತ್ತಿದ್ದಿರಿ?