ಕಾರವಾರದ ದೋಣಿಯಲ್ಲಿ ನಾನಾಡಿದ ಮಾತು

ಆ ವರ್ಷ ದೀಪಾವಳಿಗೆ ತವರಿಗೆ ಬಂದ ನನ್ನ ನಾದಿನಿ, ಹಬ್ಬ ಮುಗಿದು ಎರಡು ವಾರವಾದರೂ ಗಂಡನ ಮನೆಯ ಮಾತೆತ್ತಿರಲಿಲ್ಲ. ಬಸವನ ಬಾಗೇವಾಡಿಯ ನಮ್ಮ ಮನೆಯಲ್ಲಿ ಪತ್ರ ಬರೆಯುವ ಕೆಲಸ ನನ್ನದು. ಕಾನ್ವೆಂಟಿನಲ್ಲಿ ಕಲಿತವಳು, ಅಕ್ಷರ ದುಂಡಗೆ ಎಂದು ಅತ್ತೆಗೆ ಹೆಮ್ಮೆ. ಮಗಳನ್ನು ಕರೆದೊಯ್ಯಲು ಇನ್ನು ಹದಿನೈದು ದಿನಕ್ಕೆ ಬನ್ನಿ ಎಂದು ಹೊರ್ತಿಯ ಬೀಗರಿಗೆ ಬರೆಯಲು ಹೇಳಿದರು. ನಾವು ಬರೆಯದೆ ಅವರು ಕರೆಯಲು ಬರುವ ರೂಢಿ ಇರಲಿಲ್ಲ.

ಬರೆಯುತ್ತಿದ್ದಾಗ ನಾದಿನಿ ಪಕ್ಕದಲ್ಲಿ ಬಂದು ಕೂತಳು. ಮಸಿ ದೌತಿಯ ಮುಚ್ಚಳ ತಿರುಗಿಸುತ್ತ ಮೆಲ್ಲಗೆ ಹೇಳಿದಳು: "ವೈನಿ, ಅಲ್ಲಿ ಅಣ್ಣತಮ್ಮರು ಮೂರೂ ಮಂದಿ ಕೂಡಿ ನನ್ನ ಕಾಡತಾರ್ರಿ. ಕೊಡ ಹೊತಗೊಂಡು ಬಂದ್ರ ಒಬ್ಬಾಂವ ನೂಕತಾನ, ಇನ್ನೊಬ್ಬಾಂವ ಕಾಲು ಅಡ್ಡ ಇಡತಾನ. ಇವರು ನಿಂತು ನಗತಾರ."

"ಚ್ಯಾಷ್ಟಿ ಮಾಡ್ತಾರವ್ವಾ, ಹೊಸಾ ಸೊಸಿ ಅಂತ," ಎಂದೆ. ಮದುವೆಯಲ್ಲಿ ಆ ಮೂವರನ್ನೂ ನೋಡಿದ್ದೆ, ನಗುಮುಖದವರು. ಪತ್ರ ಮಡಚಿ ಅಂಟಿಸಿದೆ. ಅವಳ ಹೆಬ್ಬೆರಳಿಗೆ ಹತ್ತಿದ ಮಸಿಯನ್ನು ನಾನೇ ಒರೆಸಿದೆ.

ಅಷ್ಟರಲ್ಲಿ ನನ್ನ ಗಂಡನ ಗೆಳೆಯರು, ಕಾರವಾರದಲ್ಲಿ ನೌಕರಿಗಿದ್ದವರು, ನಮ್ಮನ್ನು ಕರೆದರು. ನಾದಿನಿ ಸಮುದ್ರ ನೋಡಿದವಳಲ್ಲ, ಅವಳನ್ನೂ ಕರೆದುಕೊಂಡು ಹೋದೆವು. ಸಂಜೆ ದೋಣಿಯಲ್ಲಿ ಕೂತಾಗ ಸ್ವಲ್ಪ ದೂರದಲ್ಲಿ ಮೂರು ಡಾಲ್ಫಿನ್‌ಗಳು ಎದ್ದವು. ನಡುವೆ ಇನ್ನೊಂದು ಸಣ್ಣದಿತ್ತು, ಅದರ ಬೆನ್ನ ಮೇಲೆ ರೆಕ್ಕೆಯೇ ಇರಲಿಲ್ಲ. ಒಂದು ಅದನ್ನು ಮೂತಿಯಿಂದ ಮೇಲಕ್ಕೆಸೆಯಿತು, ಬಿದ್ದಲ್ಲಿ ಇನ್ನೊಂದು ಕಾದಿತ್ತು.

"ಅಯ್ಯ, ಚೆಂಡಾಟ!" ಎಂದು ನಾನು ಚಪ್ಪಾಳೆ ತಟ್ಟಿದೆ.

"ಆಟ ಅಲ್ರಿ ವೈನಿ," ಎಂದಳು ನಾದಿನಿ. "ಅದು ಓಡಿ ಹೋಗಾಕ ನೋಡಾಕತ್ತೈತಿ. ಇವು ಬಿಡವಲ್ಲವು."

"ಬಾವ್ಯಾಗ ಆಮೆ ನೋಡಿದಾಕಿ, ಸಮುದ್ರದ್ದು ಹೇಳಾಕ ಬಂದ್ಲು!" ಎಂದು ನನ್ನ ಗಂಡ ನಕ್ಕರು.

ನಾನೂ ನಕ್ಕೆ. ಡಾಲ್ಫಿನ್ ಬಲು ಸಾಧು, ಮುಳುಗುವವರನ್ನು ದಡಕ್ಕೆ ತರುತ್ತದೆ ಎಂದು ನಮ್ಮ ಕಾನ್ವೆಂಟಿನ ಸಿಸ್ಟರ್ ಹೇಳಿಕೊಟ್ಟಿದ್ದನ್ನು ಒಪ್ಪಿಸಿದೆ. "ಅದರ ಬಾಯಿ ನೋಡು, ನಗಾಕತ್ತೈತಿ. ನಿನಗ ಎಲ್ಲಾ ಹೊಡದಂಗ ಕಾಣತೈತಿ," ಎಂದೂ ಸೇರಿಸಿದೆ. ದೋಣಿಯವನು ನಮ್ಮ ಕಡೆ ನೋಡದೆ ಹುಟ್ಟು ಹಾಕುತ್ತಿದ್ದ. ಅವಳು ಸೆರಗನ್ನು ಬಿಗಿಯಾಗಿ ಹೊದ್ದುಕೊಂಡು ಆಚೆ ತಿರುಗಿದಳು.

ಮರುದಿನ ಬೆಳಿಗ್ಗೆ ಆ ಸಣ್ಣದು ಮರಳಿನ ಮೇಲೆ ಸತ್ತು ಬಿದ್ದಿತ್ತು. ಮೈತುಂಬ ಬಾಚಣಿಗೆ ಎಳೆದಂತೆ ಸಾಲು ಸಾಲು ಗೀರು. ಅದೇ ದೋಣಿಯವನು ಅಲ್ಲಿ ಬಲೆ ಬಿಡಿಸುತ್ತಿದ್ದ. "ಹಲ್ಲಿನ ಗುರುತು ಅಮ್ಮ," ಎಂದ. "ಇದು ಬೇರೆ ಜಾತಿ. ದೊಡ್ಡವು ಸೇರಿಕೊಂಡ್ರೆ ಹೀಗೇ ಗುದ್ದಿ ಸಾಯಿಸ್ತವೆ. ತಿನ್ನೋದಕ್ಕೂ ಅಲ್ಲ." ನಿನ್ನೆಯೇ ಏಕೆ ಹೇಳಲಿಲ್ಲ ಎಂದೆ. "ನೀವು ಓದಿದವರು, ಹೇಳ್ತಾ ಇದ್ರಲ್ಲ," ಎಂದ.

ನಾದಿನಿ ಕೂತು ಅದರ ಕಣ್ಣಿನ ಮೇಲಿನ ಮರಳನ್ನು ಬೆರಳಿನಿಂದ ಸರಿಸಿದಳು.

ಊರಿಗೆ ಮರಳುವ ಬಸ್ಸಿನಲ್ಲಿ, ಇಳಿದ ಕೂಡಲೇ ಹೊರ್ತಿಗೆ ಇನ್ನೊಂದು ಪತ್ರ ಹಾಕಬೇಕು ಎಂದುಕೊಂಡೆ. ಈಗ ಬರಬೇಡಿ ಎಂಬ ಒಂದು ಸಾಲು ಸಾಕಿತ್ತು. ಆದರೆ ಏಕೆ ಎಂದು ಅತ್ತೆ ಕೇಳುತ್ತಾರೆ. ಮಗಳು ಹೇಳಿದ್ದನ್ನು ಕೇಳಿಯೂ ಪತ್ರ ಅಂಟಿಸಿದೆ ಎಂದು ಹೇಳಬೇಕಾಗುತ್ತದೆ. ಜಾಣ ಸೊಸೆ ಎಂಬ ಹೆಸರು ನನಗೆ ಅಷ್ಟು ರುಚಿಸಿತ್ತು. ಬರೆಯಲಿಲ್ಲ.

ಹೇಳಿದ ದಿನಕ್ಕೆ ಮೂವರೂ ನಗುತ್ತ ಬಂದರು. ಹೋಳಿಗೆಗೆ ತುಪ್ಪ ಬಡಿಸಿದವಳು ನಾನೇ. ಅವಳು ಅತ್ತೆಯ ಕಾಲಿಗೆ ಬಿದ್ದಳು, ನನ್ನ ಕಾಲಿಗೂ ಬಿದ್ದು ಹೋದಳು.

ನಾಲ್ಕು ತಿಂಗಳಿಗೆ ಒಬ್ಬಳೇ ಬಸ್ಸಿಳಿದು ಬಂದಳು. ಬಲಗೈ ಮುರಿದಿತ್ತು, ಹಳೆಯ ಸೀರೆಯ ತುಂಡಿನಿಂದ ಕೊರಳಿಗೆ ತೂಗುಹಾಕಿಕೊಂಡಿದ್ದಳು. ಮತ್ತೆ ಎಂದೂ ಹೊರ್ತಿಗೆ ಹೋಗಲಿಲ್ಲ.

"ಮದಲ ಯಾಕ ಹೇಳಲಿಲ್ಲಬೇ?" ಎಂದು ಅತ್ತೆ ಎದೆ ಬಡಿದುಕೊಂಡು ಅತ್ತರು.

"ಹೇಳಿದ್ದೆ," ಎಂದಳು.

"ಯಾರ ಮುಂದ?"

ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಅವಳು ನನ್ನ ಕಡೆ ನೋಡಲೂ ಇಲ್ಲ. "ಇರಲಿ ಬಿಡವ್ವಾ," ಎಂದು ಎಡಗೈಯಿಂದ ತಂಬಿಗೆ ಎತ್ತಿ ನೀರು ಕುಡಿದಳು. ಅತ್ತೆ ತೀರಿಕೊಳ್ಳುವವರೆಗೂ ಅವಳು ಹೇಳಲಿಲ್ಲ. ನಾನೂ ಹೇಳಲಿಲ್ಲ.