ಮೂವತ್ತೊಂದು ಕೆಂಪು ದಾರ

ಡಿಸೆಂಬರಿನ ಎರಡನೇ ಭಾನುವಾರ, ಮಧ್ಯಾಹ್ನ ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ, ಸೋದರಮಾವನ ಎಡಗಾಲು ಎರಡು ಕಲ್ಲುಗಳ ನಡುವೆ ಸಿಕ್ಕಿ ತಿರುಚಿತು. ನಾನು ಮೊದಲು ಮಾಡಿದ ಕೆಲಸ ಗಡಿಯಾರ ನೋಡಿದ್ದು.

“ಟೈಮ್ ಬರಕೊಂಡಿಯೇನವಾ?” ಎಂದರು ಮಾವ, ಹಲ್ಲು ಕಚ್ಚಿಕೊಂಡು, ಪಿಸುದನಿಯಲ್ಲಿ. ಕೂಗುವಂತಿರಲಿಲ್ಲ. ನಮ್ಮ ತಲೆಯ ಮೇಲೆ, ಕೆಂಪು ಬಂಡೆಯ ಚಾಚಿನಡಿ, ಏಳು ಹೆಜ್ಜೇನಿನ ಹುಟ್ಟುಗಳು ತೂಗುತ್ತಿದ್ದವು.

ನಾವು ಬಂದದ್ದು ಒಂದು ಹಳೆಯ ಟ್ರಾಲಿ ಹಳಿಯನ್ನು ಹುಡುಕಲು. ಮಾವ ಬದಾಮಿ ಹತ್ತಿರದ ಹಳ್ಳಿಯೊಂದರಲ್ಲಿ ಮಾಸ್ತರರು. ಅವರ ಶಾಲೆಯಲ್ಲಿ ಗಂಟೆ ಎಂದರೆ ಬೇವಿನ ಮರಕ್ಕೆ ಕಟ್ಟಿದ ಕಬ್ಬಿಣದ ಹಳಿಯ ತುಂಡು. ಅದು ರೈಲು ಹಳಿಗಿಂತ ತುಂಬ ಸಣ್ಣದು. ಎಲ್ಲಿಂದ ಬಂತು ಎಂದು ಕೇಳಿದರೆ ಊರಿನವರು ಗುಡ್ಡದ ಕಡೆ ಕೈ ತೋರಿಸುತ್ತಿದ್ದರು. ಹಿಂದೆ ಗುಡ್ಡದಿಂದ ಕಟ್ಟಿಗೆ ಇಳಿಸಲು ಆಳುಗಳು ದೂಡುವ ಟ್ರಾಲಿಗಳಿದ್ದವಂತೆ. ಮರಗಳು ಮುಗಿದ ಮೇಲೆ ಹಳಿ ಕಿತ್ತು ಒಯ್ದರಂತೆ. ಎಲ್ಲಾದರೂ ಒಂದು ಉಳಿದಿದ್ದರೆ ಅದನ್ನು ಬಡಿದು, ಶಾಲೆಯ ಗಂಟೆಯದೇ ಸದ್ದು ಬರುತ್ತದೋ ಇಲ್ಲವೋ ನೋಡಬೇಕೆಂದು ಮಾವನ ಹಟ. ನನ್ನ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ನಾಲ್ಕು ಕಾಲಂ ಮಾಡಿಟ್ಟುಕೊಂಡಿದ್ದೆ: ಉದ್ದ, ಅಗಲ, ತುಕ್ಕು, ಸದ್ದು.

ನಮ್ಮದು ಇಳಕಲ್ಲಿನ ನೇಕಾರರ ಮನೆ. ದಾರಿ ತಪ್ಪಬಾರದೆಂದು ಮಗ್ಗದಲ್ಲಿ ಉಳಿದ ಹಾಸಿನ ಕೆಂಪು ನೂಲನ್ನು ಗೇಣುದ್ದ ಕತ್ತರಿಸಿ ತಂದಿದ್ದೆ. ನನ್ನ ನೂರು ಹೆಜ್ಜೆಗೊಂದರಂತೆ ಮುಳ್ಳುಕಂಟಿಗಳಿಗೆ ಕಟ್ಟುತ್ತ, ಯಾವ ಕಂಟಿ, ಎಷ್ಟು ಎತ್ತರ ಎಂದು ಬರೆಯುತ್ತ ಬಂದೆ. ದಾರಿಯಲ್ಲಿ ಸಿಕ್ಕಿದ್ದು ಮರದ ಸ್ಲೀಪರ್ ಕೊಳೆತು ಉಳಿದ ಹದಿನಾಲ್ಕು ಗುಣಿ, ಎರಡು ಕಲ್ಲಿನ ಮೋರಿ. ಮೂವತ್ತೊಂದನೆಯ ದಾರದ ಹತ್ತಿರ, ಕುಸಿದ ಮೂರನೆಯ ಮೋರಿಯ ಮೇಲೆ, ಒಂದು ಹಳಿ ಅಡ್ಡವಾಗಿ ಚಾಚಿಕೊಂಡಿತ್ತು. ಉದ್ದ, ಅಗಲ, ತುಕ್ಕು ಬರೆದಾದ ಮೇಲೆ, ಅದನ್ನು ಬಡಿಯಲು ಮಾವ ಕಲ್ಲೆತ್ತಿದರು. ನಾನು ಅವರ ತೋಳು ಹಿಡಿದು ಮೇಲೆ ತೋರಿಸಿದೆ. ಜೇನನ್ನು ನೋಡಲು ಒಂದು ಹೆಜ್ಜೆ ಹಿಂದೆ ಸರಿದಾಗಲೇ ಕಾಲು ಸಿಕ್ಕಿದ್ದು.

ಪಾದ ಊರಲಾಗಲಿಲ್ಲ. ಮೊಬೈಲಿನಲ್ಲಿ ಸಿಗ್ನಲ್ ಇರಲಿಲ್ಲ. “ನೀ ಹೋಗಿ ಯಾರನ್ನರ ಕರಕೊಂಡು ಬಾ. ನಾ ಎಲ್ಲಿ ಓಡಿ ಹೋಗ್ತೇನಿ?” ಎಂದರು. ನೀರಿನ ಬಾಟಲಿ ಅವರ ಪಕ್ಕ ಇಟ್ಟು, ದಾರಗಳನ್ನು ಹಿಂದಿನಿಂದ ಎಣಿಸುತ್ತ ಇಳಿದೆ. ಮೂವತ್ತೊಂದೂ ಇದ್ದವು.

ಕೆಳಗೆ ಬೈಕಿನ ಹತ್ತಿರ ನಿಂತಾಗ ಎರಡೂವರೆ. ಕೀಲಿ ಮಾವನ ಕಿಸೆಯಲ್ಲಿತ್ತು. ಹೆಗಲ ಮೇಲಿನ ಚೀಲ ಭಾರವಾಗಿದೆ ಎನಿಸಿ ಮುಟ್ಟಿ ನೋಡಿದೆ. ರೊಟ್ಟಿ, ಪಲ್ಯ, ಬೆಲ್ಲದ ಶೇಂಗಾ ಉಂಡಿ ಎಲ್ಲ ನನ್ನ ಬಳಿಯೇ ಇದ್ದವು. ಮಾವನಿಗೆ ಶುಗರ್. ಬೆಳಿಗ್ಗೆ ಏಳಕ್ಕೆ ಇನ್ಸುಲಿನ್ ಚುಚ್ಚಿಕೊಂಡು ಎರಡು ರೊಟ್ಟಿ ತಿಂದವರು ಆಮೇಲೆ ಏನೂ ತಿಂದಿರಲಿಲ್ಲ. ಇಷ್ಟು ತಡವಾದರೆ ಶುಗರ್ ಇಳಿದು ಅವರಿಗೆ ಭ್ರಮೆ ಹಿಡಿಯುವುದನ್ನು ಮನೆಯಲ್ಲಿ ಎರಡು ಸಲ ನೋಡಿದ್ದೆ.

ಹಳ್ಳದ ದಂಡೆಯಲ್ಲಿ ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಒಲೆಗೆ ಪುಳ್ಳಿ ಆರಿಸುತ್ತಿದ್ದಳು. ಅವಳ ಆಡುಗಳು ಗುಡ್ಡದ ಮೇಲೆ ಮೇಯುತ್ತಿದ್ದವು. ನಾನು ಹೇಳಿದ್ದೆಲ್ಲ ಕೇಳಿ ಪುಳ್ಳಿ ಹೊರೆ ಅಲ್ಲೇ ಬಿಟ್ಟಳು.

“ಜೇನಗಲ್ಲು ಅಂದ್ಯಲ್ಲ, ಯಾವ ಜೇನಗಲ್ಲು? ಈ ಗುಡ್ಡದಾಗ ಆರು ಅದಾವು.”

“ದಾರಾ ಕಟ್ಟೇನಿ ಯಕ್ಕಾ. ಅದನ್ನ ಹಿಡಕೊಂಡು ಹೋಗೂನು.”

ಎರಡನೆಯ ದಾರ ಇರಬೇಕಾದ ಜಾಗದಲ್ಲಿ ಇರಲಿಲ್ಲ. ಮೂರನೆಯದೂ ಇಲ್ಲ. ಎದುರಿಗೆ ಇಳಿದು ಬಂದ ಆಡಿನ ಬಾಯಿಂದ ಕೆಂಪು ಎಳೆಯೊಂದು ಇಳಿಬಿದ್ದಿತ್ತು. ಅವಳು ಅದನ್ನು ಎಳೆದು, ಬೆರಳಲ್ಲಿ ತಿಕ್ಕಿ, ನಾಲಿಗೆಗೆ ಮುಟ್ಟಿಸಿದಳು.

“ಗಂಜಿ ಹಚ್ಚೀರಿ ಇದಕ್ಕ! ಆಡಿಗೆ ಊಟಾ ಬಡಿಸಿಟ್ಟು ಬಂದೀಯಲ್ಲ ತಂಗಿ!”

ಹಾಸಿನ ನೂಲು ಮಗ್ಗದ ಮೇಲೆ ಹರಿಯದಿರಲೆಂದು ಗಂಜಿ ಕುಡಿಸುತ್ತೇವೆ. ಆ ಗಂಜಿಯ ವಾಸನೆಯಲ್ಲೇ ಬೆಳೆದ ನನಗೆ ಅದೂ ತಿನ್ನುವ ವಸ್ತು ಎಂದು ಹೊಳೆದೇ ಇರಲಿಲ್ಲ.

ನಾನು ಮೂರನೆಯ ಕಂಟಿಗೆ ಕೈ ಹಾಕಿದೆ. ಮುಳ್ಳಿನ ಬುಡದಲ್ಲಿ ಸಾಸಿವೆಯಷ್ಟು ಸಣ್ಣ ಗಂಟು ಬೆರಳಿಗೆ ಸಿಕ್ಕಿತು. ಇಳಿಬಿದ್ದ ತುದಿಗಳನ್ನು ಆಡು ತಿಂದಿತ್ತು. ಮಗ್ಗದಲ್ಲಿ ಹರಿದ ಎಳೆಗೆ ಹಾಕುವ ಗಂಟನ್ನೇ ಹಾಕಿದ್ದೆ, ಅದು ಬಿಚ್ಚಿರಲಿಲ್ಲ. ನೋಟ್‌ಬುಕ್ ತೆರೆದು ನೂರು ಹೆಜ್ಜೆ ಎಣಿಸಿ, ಬರೆದ ಕಂಟಿ ಹುಡುಕಿ, ಬರೆದ ಎತ್ತರದಲ್ಲಿ ಬೆರಳಾಡಿಸುತ್ತ ಹೋದೆ. ಹೆಂಗಸು ಮುಂದೆ ಓಡುತ್ತಿದ್ದಳು.

“ನೀ ಹಿಂಗ ಎಣಸ್ಕೋತ ನಿಂತ್ರ ಆ ಮನಶ್ಯಾ ಉಳೀತಾನೇನು?”

“ನಿಮ್ಮ ಹೆಜ್ಜಿ ದೊಡ್ಡವು ಯಕ್ಕಾ, ಲೆಕ್ಕಾ ತಪ್ಪತೈತಿ. ನಾನ ಮುಂದ ಆಗ್ತೇನಿ.”

ಹತ್ತೊಂಬತ್ತನೆಯ ಗಂಟು ಸಿಕ್ಕಾಗ ನಾಲ್ಕು ದಾಟಿತ್ತು. ಅಲ್ಲಿ ಹಳಿಯ ಜಾಡು ಎರಡಾಗಿ ಒಡೆದಿತ್ತು. ನಾನು ಎಡಕ್ಕೆ ಹೋಗಿದ್ದೆನೋ ಬಲಕ್ಕೋ, ಬರೆದಿರಲಿಲ್ಲ. ದಾರ ಕಣ್ಣಿಗೆ ಕಾಣುತ್ತದಲ್ಲ ಎಂದು ಬಿಟ್ಟಿದ್ದೆ. ಇಳಿಯುವಾಗಲೂ ದಾರಗಳನ್ನಷ್ಟೇ ನೋಡಿದ್ದೆ. ಪುಟದಲ್ಲಿ ಇದ್ದದ್ದು ಇಷ್ಟೇ: “20. ಬಾರಿ ಕಂಟಿ, ಸೊಂಟದೆತ್ತರ.”

ಬಲಕ್ಕೆ ನೂರು ಹೆಜ್ಜೆ ನಡೆದೆವು. ಬಾರಿ ಹಣ್ಣಿನ ಕಂಟಿಗಳು ಅಲ್ಲಿ ಒಂಬತ್ತಿದ್ದವು. ಒಂಬತ್ತನ್ನೂ ತಡವಿದೆ. ಮುಳ್ಳು ಚುಚ್ಚಿ ಬೆರಳು ಉರಿಯತೊಡಗಿ, ಗಂಟು ಯಾವುದು, ಚಿಗುರಿನ ಕಣ್ಣು ಯಾವುದು ತಿಳಿಯದಾಯಿತು. ಗಂಟು ಇಲ್ಲ. ಇಪ್ಪತ್ತೈದು ನಿಮಿಷ ಹೋಯಿತು. ಹೆಂಗಸು ಈಗ ಬೈಯುತ್ತಿರಲಿಲ್ಲ, ಸೂರ್ಯನನ್ನು ನೋಡುತ್ತಿದ್ದಳು. ತಿರುಗಿ ಬಂದು ಎಡಕ್ಕೆ ಎಣಿಸಿದೆ. ಅಲ್ಲಿ ಬಾರಿ ಕಂಟಿ ಒಂದೇ ಇತ್ತು. ಮೊದಲ ಸಲಕ್ಕೇ ಗಂಟು ಸಿಕ್ಕಿತು.

ಇಪ್ಪತ್ತೆಂಟರಿಂದ ಮಾತು ನಿಲ್ಲಿಸಿ ಚಪ್ಪಲಿ ಕೈಯಲ್ಲಿ ಹಿಡಿದೆವು. ಮೋರಿಯ ತಿರುವಿನಲ್ಲಿ ಮಾವ ಕಂಡರು. ಕುಳಿತಿದ್ದರು. ಅಂಗಿ ಬೆವರಿನಿಂದ ತೊಯ್ದಿತ್ತು. ಬಲಗೈಯಲ್ಲಿ ತೆಂಗಿನಕಾಯಿ ಗಾತ್ರದ ಕಲ್ಲು, ಕಣ್ಣು ಹಳಿಯ ಮೇಲೆ.

“ಗಂಟಿ ಹೊಡದಿಲ್ಲಿನ್ನೂ,” ಎಂದರು ತೊದಲುತ್ತ. “ಮಕ್ಕಳು ಕುಂತಾವು. ಮನಿಗಿ ಬಿಡಬೇಕು.”

ಕೈ ಮೇಲೇರಿತು. ನಾನು ಎಂಟು ಹತ್ತು ಹೆಜ್ಜೆ ದೂರವಿದ್ದೆ. ಹೆಂಗಸು ನನ್ನನ್ನು ದಾಟಿ ಹೋದದ್ದು ಗೊತ್ತಾಗಲಿಲ್ಲ. ಅವಳು ಆ ಕೈಯನ್ನು ಎರಡೂ ಕೈಗಳಿಂದ ಅಪ್ಪಿಕೊಂಡು ಎದೆಗೆ ಒತ್ತಿ ಹಿಡಿದಳು.

“ಹೊಡದ್ರ್ಯಪ್ಪಾ, ಮಾಸ್ತರ, ಹೊಡದ್ರು. ಮಕ್ಕಳು ಮನಿಗಿ ಹೋದ್ವು,” ಎಂದು ಮೆಲ್ಲಗೆ ಹೇಳುತ್ತ ಕಲ್ಲನ್ನು ಬಿಡಿಸಿಕೊಂಡು ಹುಲ್ಲಿನ ಮೇಲಿಟ್ಟಳು. ಮೇಲೆ ಒಂದು ಹುಟ್ಟು ಅಲೆಯಂತೆ ಒಮ್ಮೆ ನಡುಗಿ ಸುಮ್ಮನಾಯಿತು.

ಶೇಂಗಾ ಉಂಡಿಯನ್ನು ಪುಡಿ ಮಾಡಿ ಚೂರು ಚೂರೇ ಬಾಯಿಗಿಟ್ಟೆ. ಮೊದಲು ಅಗಿಯಲಿಲ್ಲ. ಆಮೇಲೆ ಅಗಿದರು. ಹನ್ನೆರಡು ನಿಮಿಷಗಳ ನಂತರ ನನ್ನ ಮುಖ ಗುರುತಿಸಿದರು.

“ಬುತ್ತಿ ಹೊತ್ತುಕೊಂಡು ಹೋಗಿದ್ಯಲ್ಲ, ಲೆಕ್ಕದಾಕಿ.” ನಾನು ಇನ್ನೊಂದು ಚೂರು ಅವರ ಬಾಯಿಗಿಟ್ಟೆ. ಅವರು ಹಳಿಯ ಕಡೆ ನೋಡಿದರು. “ಒಂದ ಸಲಾ, ಮೆಲ್ಲಕ ಬಡೀಲೇನು?”

“ಸುಮ್ನ ಏಳ್ರಿ ಮಾಸ್ತರ! ನಮ್ಮನ್ನೂ ಕೊಲ್ಲಾವ್ರದೀರೇನು?” ಎಂದಳು ಹೆಂಗಸು, ಪಿಸುದನಿಯಲ್ಲೇ.

ನಮ್ಮಿಬ್ಬರ ಹೆಗಲ ಮೇಲೆ ಒಂದೊಂದು ತೋಳು ಹಾಕಿಸಿ ಇಳಿಸಿದೆವು. ಬೆಳಕು ಕೆಂಪಾಗಿ, ಆಮೇಲೆ ಬೂದಿಯಾಗಿ, ಕಂಟಿಗಳೆಲ್ಲ ಒಂದೇ ಥರ ಕಾಣತೊಡಗಿದವು. ಈ ಸಲ ನಾನು ಎಣಿಸಲಿಲ್ಲ. ಜೇನು ದೂರವಾದ ಮೇಲೆ ಮಾವನಿಗೆ ಎಣಿಸಲು ಹೇಳಿದೆ, ಗಟ್ಟಿಯಾಗಿ, ನೂರು ಆದ ಮೇಲೆ ಮತ್ತೆ ಒಂದರಿಂದ. ಅವರ ಲೆಕ್ಕ ತಡವರಿಸಿದಾಗಲೆಲ್ಲ ನಿಂತು ಮತ್ತೊಂದು ಚೂರು ಉಂಡಿ ಕೊಟ್ಟೆವು. ನಾಲ್ಕು ಸಲ ನಿಂತೆವು.

ನೋಟ್‌ಬುಕ್ಕಿನಲ್ಲಿ ಆ ಹಳಿಯ ಉದ್ದವಿದೆ, ಅಗಲವಿದೆ, ತುಕ್ಕಿನ ಬಣ್ಣವೂ ಇದೆ. ಸದ್ದಿನ ಕಾಲಂ ಖಾಲಿಯಿದೆ. ಕಾಲಿಗೆ ಪಟ್ಟಿ ಹಾಕಿಸಿಕೊಂಡು ಮಲಗಿದ್ದ ಮಾವ ಮರುದಿನ ಅದನ್ನು ನೋಡಿ, ತಾವೇ ತುಂಬುತ್ತೇನೆಂದು ಪೆನ್ನು ಕೇಳಿದರು. ನಾನು ಕೊಡಲಿಲ್ಲ.